ಸದ್ದು ನೇಯ್ದ ಮಸೂರ

ರಬಕವಿ-ಬನಹಟ್ಟಿಯ ಮಗ್ಗದಿಂದ ಇಳಿದ ತೆಳ್ಳನೆಯ ಬಟ್ಟೆಯೊಂದನ್ನು ರಾತ್ರಿ ಕಣ್ಣಿನ ಹತ್ತಿರ ಹಿಡಿದು, ದೂರದ ಬೀದಿದೀಪ ನೋಡಿ. ದೀಪ ಒಂದೇ; ಸುತ್ತ ಅಡ್ಡಕ್ಕೂ ಉದ್ದಕ್ಕೂ ಪುಟ್ಟ ದೀಪಗಳ ಸಾಲು. ಹಾಸು-ಹೊಕ್ಕಿನ ಸಂದಿಗಳಲ್ಲಿ ನುಸುಳಿದ ಬೆಳಕು ಬಾಗುತ್ತದೆ. ಎಳೆ ಒತ್ತಾದಷ್ಟೂ ಬಾಗು ಹೆಚ್ಚು. ಇದಿಷ್ಟು ನೆನಪಿರಲಿ.

ಕಾಲೇಜು ಲ್ಯಾಬಿನಲ್ಲಿ ಈರುಳ್ಳಿ ಸಿಪ್ಪೆ ನೋಡುವಾಗ ಮೈಕ್ರೋಸ್ಕೋಪಿನ ಸ್ಕ್ರೂ ತಿರುಗಿಸಿ ಫೋಕಸ್ ಮಾಡುತ್ತೇವೆ. ಜೀವಂತ ಮಿದುಳಿನ ಬೇರೆ ಬೇರೆ ಆಳಗಳ ನರಕೋಶಗಳನ್ನು ನೋಡಲು ಅದು ಸಾಲದು. ನರಕೋಶದ ಒಂದು ಮಿಡಿತ ಸುಮಾರು 1 ಮಿಲಿಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಭಾರದ ಮಸೂರ ಅಷ್ಟರಲ್ಲಿ ಮೇಲೆ-ಕೆಳಗೆ ಓಡಾಡಲಾರದು.

ಪರಿಹಾರದ ಬೇರು 1932ರಲ್ಲಿದೆ. ಅಮೆರಿಕದಲ್ಲಿ ಡಿಬೈ ಮತ್ತು ಸಿಯರ್ಸ್, ಫ್ರಾನ್ಸಿನಲ್ಲಿ ಲ್ಯೂಕಾ ಮತ್ತು ಬಿಕಾರ್, ದ್ರವದೊಳಗೆ ಕಿವಿಗೆ ಕೇಳದ ಸದ್ದು ಹರಿಸಿ, ಅಡ್ಡಲಾಗಿ ಬೆಳಕು ಬಿಟ್ಟರು. ಬಟ್ಟೆಯಲ್ಲಿ ಕಂಡಂಥದೇ ಸಾಲು! ಸದ್ದು ದ್ರವದಲ್ಲಿ ಒತ್ತು-ತೆಳು ಪಟ್ಟಿಗಳನ್ನು ನೇಯ್ದಿತ್ತು. ಸಾಲಿನ ಯಾವ ಚುಕ್ಕಿ ಎಷ್ಟು ಬೆಳಗಬೇಕು? ಲೆಕ್ಕ ಬಿಡಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್, 1935–36ರಲ್ಲಿ. ಒತ್ತಾದಲ್ಲಿ ಬೆಳಕು ನಿಧಾನ, ತೆಳುವಾದಲ್ಲಿ ಬೇಗ. ಹಾಗಾಗಿ ಸಪಾಟಾಗಿ ಒಳಹೊಕ್ಕ ಅಲೆ ಸೀರೆಯ ನಿರಿಗೆಯಂತೆ ಮಡಿಕೆ ಹಿಡಿದು ಹೊರಬರುತ್ತದೆ ಎಂದರು. ಶಾಲೆಯಲ್ಲಿ ನಾವು ಕೇಳುವುದು ರಾಮನ್ ಪರಿಣಾಮವೊಂದನ್ನೇ. ನನಗೆ ಈ ನಿರಿಗೆಯ ಲೆಕ್ಕವೂ ಅಷ್ಟೇ ಚೆಲುವಾಗಿ ಕಾಣುತ್ತದೆ.

ಈಗ ದ್ರವದ ಬದಲು ಹರಳು. ಶ್ರುತಿ ಏರಿದಷ್ಟೂ ಸದ್ದಿನ ಎಳೆಗಳು ಒತ್ತಾಗುತ್ತವೆ; ಹಾಗಾಗಿ ಹರಳಿನೊಳಗೆ ಶ್ರುತಿ ಏರುತ್ತಲೇ ಹೋಗುವ ಸದ್ದು ಬಿಟ್ಟರೆ ಒಂದು ಅಂಚಿನಲ್ಲಿ ಎಳೆ ಒತ್ತು, ಇನ್ನೊಂದರಲ್ಲಿ ವಿರಳ. ಒತ್ತಿನ ಕಡೆಯ ಬೆಳಕು ಹೆಚ್ಚು ಬಾಗಿ, ವಿರಳದ ಕಡೆಯದು ಕಡಿಮೆ ಬಾಗಿ, ಮುಂದೆ ಒಂದೆಡೆ ಕೂಡುತ್ತವೆ. ಮಸೂರ ಮಾಡುವುದೂ ಇದನ್ನೇ ಅಲ್ಲವೇ? ಶ್ರುತಿ ಏರುವ ವೇಗ ಬದಲಿಸಿ, ಕೂಡುವ ಆಳ ಬದಲಾಗುತ್ತದೆ. ಸದ್ದು ಓಡುತ್ತಿರುವುದರಿಂದ ಬೆಳಕಿನ ಬಿಂದು ಪಕ್ಕಕ್ಕೆ ಜಾರುತ್ತದೆ; ಎದುರು ದಿಕ್ಕಿನ ಸದ್ದಿರುವ ಇನ್ನೊಂದು ಹರಳು ಅದನ್ನು ಹಿಡಿದು ನಿಲ್ಲಿಸುತ್ತದೆ.

2008ರಲ್ಲಿ ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನ ಪೀಟರ್ ಸಗ್ಗಾವ್ ತಂಡ ಇಂಥ 4 ಹರಳುಗಳಿಂದ ನರಕೋಶಗಳ ಮಿಡಿತವನ್ನು ಮೂರೂ ಆಯಾಮಗಳಲ್ಲಿ ಹಿಂಬಾಲಿಸಿತು. ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹಾರಲು ಹಿಡಿದದ್ದು ಹತ್ತಾರು ಮೈಕ್ರೋಸೆಕೆಂಡುಗಳಷ್ಟೇ. ಮಸೂರ ಇದ್ದಲ್ಲೇ ಇತ್ತು.

ರಾಮನ್–ನಾಗೇಂದ್ರನಾಥರ ಲೇಖನಗಳು ಭಾರತೀಯ ವಿಜ್ಞಾನ ಅಕಾಡೆಮಿಯ ಜಾಲತಾಣದಲ್ಲಿ ಉಚಿತವಾಗಿವೆ. ಜಮಖಂಡಿ, ಮುಧೋಳ, ಬೀಳಗಿಯಲ್ಲಿ ಬಿ.ಎಸ್ಸಿ. ಓದುತ್ತಿರುವ ತಮ್ಮ-ತಂಗಿಯರೇ, ಮೊದಲ ಲೇಖನವನ್ನಾದರೂ ತೆರೆದು ಓದಿ.