ಮುದುಕನ ಕೈಗೆ ಕೂಸು

(ಆಗಮನಕಾಲದ ಕಾರ್ಮಿಕರ ಕೂಟದಲ್ಲಿ ಆಡಿದ ಮಾತು)



ಕ್ರಿಸ್ಮಸ್ ಹತ್ತಿರ ಬಂತು. ಮಕ್ಕಳು ನಕ್ಷತ್ರ ಕಟ್ಟಲು ಬಿದಿರು ಸೀಳುತ್ತಿದ್ದಾರೆ, ಹಾಡುವ ತಂಡದವರು ರಾತ್ರಿ ಹತ್ತರ ತನಕ ಅಭ್ಯಾಸ ಮಾಡುತ್ತಿದ್ದಾರೆ. ಈ ಸಡಗರದ ನಡುವೆ, ನಮ್ಮ ಲೈನುಗಳಲ್ಲಿ ಒಂಟಿಯಾಗಿ ಕೂತಿರುವ ವಯಸ್ಸಾದವರ ವಿಷಯ ಸ್ವಲ್ಪ ಮಾತಾಡೋಣ.

ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ನಾವು ಕುರುಬರು ಹಿಂದಿರುಗುವ ತನಕ ಓದಿ ಪುಸ್ತಕ ಮುಚ್ಚಿಬಿಡುತ್ತೇವೆ. ಇನ್ನು ಸ್ವಲ್ಪ ಮುಂದೆ ಓದಿ. ಕೂಸಿಗೆ ನಲವತ್ತು ದಿನವಾದ ಮೇಲೆ ಯೋಸೇಫನೂ ಮರಿಯಳೂ ಯೆರೂಸಲೇಮಿನ ದೇವಾಲಯಕ್ಕೆ ಬರುತ್ತಾರೆ. ಅವರು ತಂದ ಕಾಣಿಕೆ ಎರಡು ಹಕ್ಕಿ. ಕುರಿಮರಿ ಕೊಡಲು ಗತಿಯಿಲ್ಲದ ಬಡವರಿಗೆ ಧರ್ಮಶಾಸ್ತ್ರವು ಬಿಟ್ಟುಕೊಟ್ಟಿದ್ದ ಕಾಣಿಕೆ ಅದು. ದೇವಾಲಯದ ತುಂಬ ಜನ. ಆದರೂ ಆ ಕೂಸು ಯಾರೆಂದು ಗುರುತು ಹಿಡಿದವರೆಂದು ಲೂಕನು ಹೇಳುವುದು ಇಬ್ಬರನ್ನೇ: ಸಾವಿಗೆ ಕಾದಿದ್ದ ಸಿಮೆಯೋನ, ಮತ್ತು 84 ವರುಷದ ವಿಧವೆ ಅನ್ನ. ಮದುವೆಯಾಗಿ ಏಳು ವರುಷಕ್ಕೇ ಗಂಡನನ್ನು ಕಳಕೊಂಡವಳು ಆಕೆ. ಸಿಮೆಯೋನನು ಕೂಸನ್ನು ಕೈಗೆ ತೆಗೆದುಕೊಂಡ, ಮರಿಯಳು ಕೊಟ್ಟಳು. ನೆಗಡಿ ಹತ್ತೀತು, ಕೈ ನಡುಗೀತು ಎಂದು ಹಿಂದೆಗೆಯಲಿಲ್ಲ.

ಈಗ ನಮ್ಮ ಲೈನುಗಳನ್ನು ನೋಡೋಣ. ಗೂಡಲೂರು, ಪಂದಲೂರು, ಆಚೆಗೆ ವಯನಾಡು, ಎಲ್ಲ ಕಡೆಯೂ ಕಾಫಿ ಕೊಯ್ಲು ಶುರುವಾಗುವುದು ಕ್ರಿಸ್ಮಸ್ ಹೊತ್ತಿಗೇ. ಕೊಯ್ದಷ್ಟು ತೂಕಕ್ಕೆ ಕಾಸು ಎಂದಮೇಲೆ ಮನೆಯಲ್ಲಿ ಯಾರು ನಿಲ್ಲುತ್ತಾರೆ? ಬೆಳಗ್ಗೆ ಏಳಕ್ಕೆ ಚೀಲ ಹಿಡಿದು ಹೊರಟರೆ ಬರುವುದು ಕತ್ತಲಿಗೆ. ಹಬ್ಬದ ಕಾಲವೇ ನಮ್ಮ ಮುದುಕರಿಗೆ ವರುಷದ ಅತಿ ಉದ್ದದ ಹಗಲು. ಮಕ್ಕಳು ತಿರುಪ್ಪೂರಿನ ಬನಿಯನ್ ಕಂಪೆನಿಗೋ ಕೊಯಮತ್ತೂರಿಗೋ ಹೋಗಿದ್ದರೆ ಸಂಜೆಯೂ ಯಾರೂ ಇಲ್ಲ. ಮೂವತ್ತು ವರುಷ ಚಿಗುರು ಕಿತ್ತ ಕೈ. ಚೆಕ್ ರೋಲಿನಿಂದ ಹೆಸರು ಹೋದ ದಿನವೇ ಮನೆ ಬಿಡಬೇಕಲ್ಲ ಎಂಬ ಭಯ ಬೇರೆ. ಮನೆ ಖಾಲಿ ಮಾಡಿದರೆ ಮಾತ್ರ ಗ್ರಾಚ್ಯುಟಿ ಎಂಬ ಜಗಳವನ್ನು ನಾವೆಲ್ಲ ಕಂಡವರೇ. ಅದು ಯೂನಿಯನ್ನಿನ ಮಾತು, ಇನ್ನೊಂದು ದಿನ ಆಡೋಣ.

ಇನ್ನು ಸಿಲೋನಿನಿಂದ ಬಂದವರು. 1964ರಲ್ಲಿ ಎರಡು ಸರಕಾರಗಳು ಮಾಡಿಕೊಂಡ ಒಪ್ಪಂದದಂತೆ ಸಾವಿರಾರು ತೋಟದ ಕುಟುಂಬಗಳು ಅಲ್ಲಿಂದ ಬಂದವು. ಅವರಿಗೆ ಕೆಲಸ ಕೊಡಲೆಂದೇ 1968ರಲ್ಲಿ ನೀಲಗಿರಿಯ ಸರಕಾರಿ ಚಹಾ ತೋಟಗಳು ಶುರುವಾದವು. ಅಂದು ಹರೆಯದಲ್ಲಿ ಹಡಗು ಇಳಿದವರಿಗೆ ಇಂದು ಎಪ್ಪತ್ತು ಎಂಭತ್ತು. ಅಕ್ಕ ಆ ಗುಡ್ಡದಲ್ಲಿ, ತಂಗಿ ಈ ಗುಡ್ಡದಲ್ಲಿ. ಅವರದು ತಮಿಳು, ನಮ್ಮದು ಕನ್ನಡ. ಆದರೆ ಒಂದೇ ನಲ್ಲಿಯಲ್ಲಿ ನೀರು ಹಿಡಿಯುವವರು ನಾವು. ನಿಮ್ಮ ಹುಡುಗರ ಕೈಯಲ್ಲಿ ಮೊಬೈಲ್ ಇದೆ. ಅಕ್ಕನ ನಂಬರು ಸಿಕ್ಕರೆ, ಹಬ್ಬದ ದಿನ ಮುಖ ಕಾಣುವ ಹಾಗೆ ಹತ್ತು ನಿಮಿಷ ಮಾತಾಡಿಸಿ. ಯಾವ ಕೇಕೂ ಅದಕ್ಕೆ ಸಮವಲ್ಲ.

ಕೇಕಿನ ಮಾತು ಬಂತು. ಕಳೆದ ವರುಷ ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿಯ ಮನೆಯಲ್ಲಿ ಐದು ಪೊಟ್ಟಣ ಕೇಕ್ ಕೂಡಿತ್ತು. ಕೊಟ್ಟವರ ಮನಸ್ಸು ದೊಡ್ಡದೇ, ಆದರೆ ಒಬ್ಬರೂ ಕೇಳಲಿಲ್ಲ. ಹಲ್ಲಿಲ್ಲದವರಿಗೆ ಚಕ್ಕುಲಿ ಒಯ್ಯುವುದೂ ಹೀಗೆಯೇ. ಮೊದಲು ಹೋಗಿ ಕೂತುಕೊಳ್ಳಿ. "ಏನವ್ವಾ, ರಾತ್ರಿ ಚಳಿಗೆ ನಿದ್ದೆ ಬರುತ್ತಾ?" ಎಂದು ಕೇಳಿ. ಬೇಕಾದದ್ದು ಕಂಬಳಿಯೋ, ಸೌದೆಯೋ, ಸೋರುವ ಸೀಟಿಗೆ ಒಂದು ಮೊಳೆಯೋ ಆಗ ತಿಳಿಯುತ್ತದೆ. ಕೊಡುವಾಗ ಫೋಟೋ ತೆಗೆಯಬೇಡಿ. ನಮ್ಮ ಸಭೆಯವರ ಮನೆಗೆ ಮಾತ್ರ ಹೋಗುವುದೂ ಬೇಡ. ಮಾರಮ್ಮನಿಗೆ ನಡೆದುಕೊಳ್ಳುವ ಅಜ್ಜಿಯ ಬಾಗಿಲಿಗೂ ಹೋಗಿ, ಗಂಜಿಯ ಜೊತೆಗೆ ಕರಪತ್ರ ಇಡಬೇಡಿ.

ಇನ್ನೊಂದು ಕೆಲಸ. ಪಿ.ಎಫ್. ಪಿಂಚಣಿ ಪಡೆಯುವವರು ವರುಷಕ್ಕೊಮ್ಮೆ, ತಾವು ಬದುಕಿದ್ದೇವೆಂದು ಜೀವಂತ ಪ್ರಮಾಣಪತ್ರ ಕೊಡಬೇಕು. ಅದು ತಪ್ಪಿದರೆ ಹಣ ನಿಲ್ಲುತ್ತದೆ. 2014ರಲ್ಲಿ ಕನಿಷ್ಠ ಪಿಂಚಣಿಯನ್ನು 1000 ರೂಪಾಯಿ ಮಾಡಿದರು. ಎಷ್ಟೋ ಮುದುಕರ ಅಕ್ಕಿ, ಮಾತ್ರೆ ಎಲ್ಲ ಅಂಥ ಸಣ್ಣ ಮೊತ್ತದಲ್ಲೇ ನಡೆಯಬೇಕು. ಚಿಗುರು ಕಿತ್ತು ಸವೆದ ಬೆರಳನ್ನು ಯಂತ್ರ ಗುರುತಿಸದೆ ಹೋದರೆ ಮುದುಕರು ಹೆದರಿ ವಾಪಸು ಬಂದುಬಿಡುತ್ತಾರೆ. ಕಣ್ಣಿನ ಪಾಪೆಯ ಗುರುತಿನಿಂದಲೂ, ಮೊಬೈಲಿಗೆ ಮುಖ ತೋರಿಸಿಯೂ ಅದನ್ನು ಮಾಡಬಹುದು. ಓದಿದ ಹುಡುಗ ಒಬ್ಬ ಜೊತೆಗಿದ್ದರೆ ಸಾಕು, ಒಂದು ಬೆಳಗ್ಗೆಯ ಕೆಲಸ.

ಆದರೆ ಕೊಡುವುದರಲ್ಲೇ ನಿಲ್ಲಬಾರದು ಎಂದು ನಮಗೆ ತೋರುತ್ತದೆ. ಮರಿಯಳು ಸಿಮೆಯೋನನಿಗೆ ಗಂಜಿ ಕೊಡಲಿಲ್ಲ, ಕೂಸನ್ನು ಕೊಟ್ಟಳು. ಏನೂ ಕೆಲಸವಿಲ್ಲದೆ ಕೂತವರಿಗೆ ಹಸಿವಿಗಿಂತ ದೊಡ್ಡ ನೋವು, ತಮ್ಮಿಂದ ಯಾರಿಗೂ ಏನೂ ಬೇಕಾಗಿಲ್ಲ ಎಂಬುದು. ಹಾಡುವ ತಂಡ ಬಾಗಿಲಿಗೆ ಹೋದಾಗ ಹಾಡಿ ಓಡಬೇಡಿ. ತಾತನಿಗೆ ಗೊತ್ತಿರುವ ಹಳೆಯ ಕೀರ್ತನೆಯ ರಾಗ ಕೇಳಿ ಕಲಿಯಿರಿ. ಹೊಸ ಕೂಸಿರುವ ತಾಯಂದಿರು ಮಗುವನ್ನು ಅಜ್ಜಿಯ ಮಡಿಲಿಗೆ ಹಾಕಿ, ತಲೆಯ ಮೇಲೆ ಕೈಯಿಟ್ಟು ಹರಸಲು ಹೇಳಿ.

ಸಿಮೆಯೋನನೂ ಅನ್ನಳೂ ಕೂಸನ್ನು ಕಂಡ ದಿನವನ್ನು ಸಭೆಯು ಹಿಂದಿನಿಂದಲೂ ಫೆಬ್ರವರಿ 2ರಂದು ನೆನೆಯುತ್ತಾ ಬಂದಿದೆ. ನಮ್ಮ ಕಾಫಿ ಕೊಯ್ಲಿನ ಬಿರುಸೂ ಹೆಚ್ಚುಕಡಿಮೆ ಆ ತನಕವೇ. ಆದ್ದರಿಂದ ಈ ಸಲ 25ಕ್ಕೆ ನಿಲ್ಲಿಸದೆ ಅಲ್ಲಿಯವರೆಗೂ ನಡೆಸೋಣ. ಲೈನಿಗೆ ಇಬ್ಬರಂತೆ ಹೆಸರು ಬೇಕು: ಒಬ್ಬರು ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹೋಗಿ ಬರುವ ಮಕ್ಕಳಿಗೆ ಜೊತೆಯಾಗಿ, ಇನ್ನೊಬ್ಬರು ಭಾನುವಾರಕ್ಕೆ. ಯಾರ ಮನೆಯಲ್ಲಿ ಯಾವ ಮಾತ್ರೆ, ಪಿಂಚಣಿ ಪತ್ರ ಯಾವ ತಿಂಗಳಿಗೆ ಮುಗಿಯುತ್ತದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪ್ರಾರ್ಥನೆ ಮುಗಿದ ಮೇಲೆ, ಚಹಾ ಕುಡಿಯುವ ಮೊದಲು, ಹೆಸರು ಕೊಡುವವರು ಬಾಗಿಲ ಬಳಿಯ ಮೇಜಿಗೆ ಬನ್ನಿರಿ.