ಫೋಟೋದಲ್ಲಿ ಕಾಣದ ಗಟ್ಟಿತನ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು ಇಲ್ಲಿ ಒಂಬತ್ತನೇ ತರಗತಿ ಓದುವಾಗ ನಮಗೆ ಸರ್ಕಾರದ ಮನೆ ಮಂಜೂರಾಯಿತು. ಏಪ್ರಿಲ್ ಬಿಸಿಲಲ್ಲಿ ಮೋಲ್ಡ್ ಹಾಕಿದರು. ಮೇಸ್ತ್ರಿ ಮೇಲೆ ಮಣ್ಣಿನ ಬದು ಕಟ್ಟಿ, "ಹತ್ತು ದಿನ ನೀರು ನಿಲ್ಲಿಸಿ" ಎಂದು ಹೇಳಿ ಹೋದರು. ನಾಲ್ಕನೇ ದಿನ ಊರಿನ ಬೋರ್‌ವೆಲ್ ಮೋಟಾರು ಸುಟ್ಟಿತು. ಅವ್ವ ತೋಟದಿಂದ ಹೊತ್ತು ತಂದ ಎರಡು ಕೊಡ ನೀರು ಕುಡಿಯಲಿಕ್ಕೋ, ಮೋಲ್ಡಿಗೋ? ಕುಡಿಯಲಿಕ್ಕೇ ಆಯಿತು. ಮುಂದಿನ ಮಳೆಗಾಲದಲ್ಲಿ ಚಾವಣಿ ಸೋರಿತು. ಎಸ್ಸೆಸ್ಸೆಲ್ಸಿ ಪುಸ್ತಕಗಳನ್ನು ಗೊಬ್ಬರದ ಚೀಲದಲ್ಲಿ ಸುತ್ತಿಟ್ಟು ಓದಿದೆ. ಸೋರಿದ್ದಕ್ಕೆ ಅದೊಂದೇ ಕಾರಣ ಎನ್ನಲಾರೆ. ಆದರೆ ಮೇಸ್ತ್ರಿ ಹೇಳಿದ್ದು ಸರಿಯಾಗಿತ್ತು. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಕೂಡ ಒಣ ಬಿಸಿಲಿದ್ದಲ್ಲಿ ಕನಿಷ್ಠ 10 ದಿನ ನೀರುಣಿಸಬೇಕು ಎನ್ನುತ್ತದೆ.

ಈಗ ವ್ಯವಸ್ಥೆ ಬದಲಾಗಿದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಗುತ್ತಿಗೆದಾರರಿಗೆ ವಹಿಸುವಂತಿಲ್ಲ, ಫಲಾನುಭವಿಯೇ ಕಟ್ಟಿಸಬೇಕು. ಹಂತ ಹಂತಕ್ಕೆ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾರೆ, ಸ್ಥಳದ ಗುರುತೂ ಜೊತೆಗೇ ದಾಖಲಾಗುತ್ತದೆ, ಕಂತಿನ ಹಣ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಇಲ್ಲದ ಮನೆಗೆ ಬಿಲ್ ಮಾಡುವುದು ಇದರಿಂದ ಕಷ್ಟವಾಗಿದೆ. ಸಾಫ್ಟ್‌ವೇರ್ ಕೆಲಸದವನಾಗಿ ನನಗೆ ಅದು ಹೆಮ್ಮೆ.

ಆದರೆ ನನ್ನ ವೃತ್ತಿಯ ಮಿತಿಯನ್ನೂ ಹೇಳಬೇಕು. ಗೋಡೆ ಎದ್ದಿದೆ ಎಂದು ಫೋಟೋ ಹೇಳುತ್ತದೆ. ಸಿಮೆಂಟು, ಮರಳು, ಜಲ್ಲಿ ಯಾವ ಅಳತೆಯಲ್ಲಿ ಬಿದ್ದವು, ಕಂಬಿ ಎಷ್ಟು ಅಂತರದಲ್ಲಿದೆ, ಎಷ್ಟು ದಿನ ನೀರು ಬಿತ್ತು ಎಂಬುದನ್ನು ಅದು ಹೇಳುವುದಿಲ್ಲ. ಗಾರೆ ಮೆತ್ತಿದ ಮೇಲೆ ಎಲ್ಲ ಮನೆಯೂ ಗಟ್ಟಿಯಾಗಿಯೇ ಕಾಣುತ್ತದೆ.

ಹಾಗಾದರೆ ನಿಯಮ ಬಿಗಿ ಮಾಡಿ, ತಪ್ಪಿದವರ ಕಂತು ತಡೆಹಿಡಿಯೋಣವೇ? ಯೋಚಿಸಿ: ತಪ್ಪು ಮೇಸ್ತ್ರಿಯದಿರಲಿ, ಮೋಟಾರಿನದಿರಲಿ, ಶಿಕ್ಷೆ ಬೀಳುವುದು ಅರ್ಧ ಕಟ್ಟಿದ ಮನೆಯಲ್ಲಿ ಕೂತ ಅವ್ವನ ಮೇಲೆ. ನೋಡಿಯೂ ಸುಮ್ಮನಿದ್ದರೆ ಚಾವಣಿ ಸೋರುವುದೂ ಅವಳ ತಲೆಯ ಮೇಲೆಯೇ. ಈ ಇಕ್ಕಟ್ಟಿನಿಂದಲೇ ಎಷ್ಟೋ ಮಾನಕಗಳು ಪುಸ್ತಕದಲ್ಲೇ ಉಳಿಯುತ್ತವೆ. ತಪ್ಪನ್ನು ತಿದ್ದಲು ಇನ್ನೂ ಸಾಧ್ಯವಿರುವಾಗ, ಅಂದರೆ ಕಾಂಕ್ರೀಟ್ ಸುರಿಯುವ ಮೊದಲು, ಯಾರಾದರೂ ಬಂದು ನೋಡಬೇಕು. ತಪ್ಪಿದ್ದರೆ ತಿದ್ದಿಸಬೇಕು, ಕೊರತೆಯಿದ್ದರೆ ನೆರವಾಗಬೇಕು.

ಅದಕ್ಕೆ ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಒಂದು ವಿನಂತಿ. ಊರಿನಲ್ಲಿ ಸರ್ಕಾರದ ಮನೆಗೆ ಮೋಲ್ಡ್ ಹಾಕುವ ಹಿಂದಿನ ದಿನ ಸಿವಿಲ್ ಓದಿದ ನಮ್ಮವರೊಬ್ಬರು ಹೋಗಿ ಕಂಬಿ ನೋಡಲಿ. ಆಮೇಲೆ ನೀರಿಗೆ ತೊಂದರೆಯಾದರೆ ಟ್ಯಾಂಕರ್ ಕಳಿಸೋಣ. ಮೊದಲ ಟ್ಯಾಂಕರುಗಳ ಖರ್ಚು ನನ್ನದು. ಮಕ್ಕಳೇ, ನಿಮಗೂ ಒಂದು ಕೆಲಸವಿದೆ. ನಿಮ್ಮ ಬೀದಿಯಲ್ಲಿ ಮನೆ ಏಳುತ್ತಿದ್ದರೆ ಹಾಳೆಯ ಮೇಲೆ ಹತ್ತು ಚೌಕ ಬರೆದು ಆ ಮನೆಯವರಿಗೆ ಕೊಡಿ. ನೀರು ಬಿದ್ದ ದಿನಕ್ಕೆ ಒಂದೊಂದು ಗುರುತು ಹಾಕಿಸಿ.

ನಮ್ಮ ಶಾಲೆಯ ಮಕ್ಕಳು ಪುಸ್ತಕವನ್ನು ಗೊಬ್ಬರದ ಚೀಲದಲ್ಲಿ ಕಟ್ಟಿಡುವಂತಾಗದಿರಲಿ.