ಸೊಂಟ ನೋವು ಮತ್ತು ಬೆನ್ನಿನ ಸ್ನಾಯುಗಳ ವ್ಯಾಯಾಮ
(ಭಾಷಣದ ಪಾಠ)



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಕಡಲೆಕಾಯಿ ಬೆಳೆಯುವವರಿಗೆ ಬಗ್ಗಿ ಮಾಡುವ ಕೆಲಸ ತಪ್ಪಿದ್ದಲ್ಲ. ಕಳೆ ತೆಗೆಯುವಾಗ, ಗಿಡ ಕೀಳುವಾಗ ಸೊಂಟಕ್ಕೆ ಬಿಡುವಿರುವುದಿಲ್ಲ.

ಬೆನ್ನುಮೂಳೆಯ ಎರಡೂ ಪಕ್ಕದಲ್ಲಿರುವ ಒಳಸ್ನಾಯುಗಳು ಮಣಿಗಳನ್ನು ಭದ್ರವಾಗಿ ಹಿಡಿದಿಡುತ್ತವೆ. ಸೊಂಟ ನೋವು ಬಂದಾಗ ಇವು ಸೊರಗುತ್ತವೆ. ನೋವು ಹೋದರೂ ತಾವಾಗಿಯೇ ಚೇತರಿಸಿಕೊಳ್ಳುವುದಿಲ್ಲವೆಂದು ಆಸ್ಟ್ರೇಲಿಯಾದ ಸಂಶೋಧಕರು 1996ರಲ್ಲಿ ತೋರಿಸಿದರು. ಮೊದಲ ಸಲ ನೋವು ಬಂದ 39 ಜನರನ್ನು ಅವರು ಪರೀಕ್ಷಿಸಿದ್ದರು. ಒಂದು ವರ್ಷದೊಳಗೆ ನೋವು ಮರುಕಳಿಸಿದ್ದು ವ್ಯಾಯಾಮ ಮಾಡಿದವರಲ್ಲಿ ಶೇ. 30, ಮಾಡದವರಲ್ಲಿ ಶೇ. 84.

"ಹೊಲದ ದುಡಿಮೆಯೇ ವ್ಯಾಯಾಮವಲ್ಲವೇ?" ಎಂದು ನೀವು ಕೇಳಬಹುದು. ಅಲ್ಲ. ಬಹಳ ಹೊತ್ತು ಬಗ್ಗಿದ್ದರೆ ಸ್ನಾಯು ದಣಿಯುತ್ತದೆಯೇ ಹೊರತು ಬಲಿಯುವುದಿಲ್ಲ. ಅದು ಬಲಿಯಲು ಮಿತವಾದ ಶ್ರಮ, ಆಮೇಲೆ ವಿಶ್ರಾಂತಿ ಬೇಕು. ಶ್ರಮವನ್ನು ಕ್ರಮೇಣ ಹೆಚ್ಚಿಸಬೇಕು.

ಮನೆಯಲ್ಲಿ ಮಾಡಬಹುದಾದವು:

1. ಅಂಗಾತ ಮಲಗಿ, ಮೊಣಕಾಲು ಮಡಿಸಿ, ಸೊಂಟವನ್ನು ಮೆಲ್ಲಗೆ ಎತ್ತಿ. 5 ಎಣಿಸಿ ಇಳಿಸಿ.

2. ಅಂಗೈ, ಮೊಣಕಾಲು ಊರಿ, ಬಲಗೈ ಮತ್ತು ಎಡಗಾಲನ್ನು ನೇರವಾಗಿ ಚಾಚಿ 5 ಎಣಿಸಿ. ನಂತರ ಎಡಗೈ, ಬಲಗಾಲು.

ಉಸಿರು ಬಿಗಿಹಿಡಿಯದೆ ತಲಾ 10 ಸಲ ಮಾಡಿ. ನೋವು ಹೆಚ್ಚಿದರೆ ನಿಲ್ಲಿಸಿ. ಫಲ ಕಾಣಲು ವಾರಗಳೇ ಬೇಕು. ಸಾಲಿನ ಬೆಳೆಯಲ್ಲಿ ಸೈಕಲ್ ಕುಂಟೆ ಬಳಸಿದರೆ ನಿಂತೇ ಕಳೆ ತೆಗೆಯಬಹುದು.

ಕಾಲು ಜೋಮು ಹಿಡಿದರೆ, ಬಲ ಕುಂದಿದರೆ, ಮೂತ್ರ ಕಟ್ಟಿದರೆ ತಡಮಾಡದೆ ವೈದ್ಯರ ಬಳಿಗೆ ಹೋಗಿ. ಪಾವಗಡದ ಕಡೆ ಕೊಳವೆ ಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಬೆನ್ನು ವರ್ಷದಿಂದ ವರ್ಷಕ್ಕೆ ಬಿಗಿಯುತ್ತಿದ್ದರೆ ಬರೀ ವ್ಯಾಯಾಮ ಸಾಲದು. ನೀರನ್ನೂ ಪರೀಕ್ಷಿಸಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ.

ನೋವು ನಿಂತಿತೆಂದು ವ್ಯಾಯಾಮವನ್ನು ನಿಲ್ಲಿಸಬೇಡಿ.